ಪೇಟೆಂಟ್ ವಕೀಲರ ವಿದ್ಯೆಯೂ ಪ್ರಜೆಗಳ ಹಿತವೂ

ಸರ್ ಸ್ಟಾಫರ್ಡ್ ಕ್ರಿಪ್ಸರ ಹೆಸರು ಭಾರತೀಯರಿಗೆ ಅಪರಿಚಿತವಾದುದಲ್ಲ. 1942ರ ಮಾರ್ಚ್ ತಿಂಗಳಲ್ಲಿ ಬ್ರಿಟಿಷ್ ಯುದ್ಧಮಂತ್ರಿಮಂಡಲದ ಸಲಹೆಗಳನ್ನು ಹೊತ್ತು ದಿಲ್ಲಿಗೆ ಬಂದು, ಕಾಂಗ್ರೆಸ್ಸಾಗಲಿ ಮುಸ್ಲಿಂ ಲೀಗಾಗಲಿ ಅವನ್ನು ಒಪ್ಪದಿರಲು ಬರಿಗೈಯಲ್ಲಿ ಹಿಂದಿರುಗಿದವರು ಅವರು. 1946ರಲ್ಲಿ ಕ್ಯಾಬಿನೆಟ್ ನಿಯೋಗದ ಮೂವರಲ್ಲೊಬ್ಬರಾಗಿ ಮತ್ತೊಮ್ಮೆ ಬಂದವರೂ ಅವರೇ. ಅವರ ರಾಜಕಾರಣದ ಗುಣದೋಷಗಳನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದುಹೋಗಿದೆ. ಆದರೆ ಆ ಮಹಾಶಯರು ಮಂತ್ರಿಯಾಗುವುದಕ್ಕೆ ಮೊದಲು ಯಾವ ವೃತ್ತಿಯಿಂದ ಕೀರ್ತಿಯನ್ನೂ ಹಣವನ್ನೂ ಗಳಿಸಿದರೆಂಬುದನ್ನು ಬಲ್ಲವರು ಕಡಮೆ. ಅವರು ಪೇಟೆಂಟ್ ಖಟ್ಲೆಗಳಲ್ಲಿ ಪಳಗಿದ ಬ್ಯಾರಿಸ್ಟರರು. ಈ ವೃತ್ತಿಯ ಸ್ವರೂಪವನ್ನು ನಮ್ಮ ವಾಚಕರ ಮುಂದಿಡಲು ಕಾರಣವುಂಟು. ನಾವು ನುಂಗುವ ಗುಳಿಗೆಯ ಬೆಲೆಯೂ, ನಮ್ಮ ತರುಣ ಎಂಜಿನಿಯರನ ದುಡಿಮೆಯ ಫಲವೂ ಇಂದು ಬಹುಮಟ್ಟಿಗೆ ಈ ಬಗೆಯ ವಕೀಲರ ವಾದವನ್ನು ಅವಲಂಬಿಸಿವೆ. ಅಂಥವರು ಯಾರ ಪಕ್ಷದಲ್ಲಿ ನಿಲ್ಲುತ್ತಾರೆಂಬುದು ದೇಶದ ಪ್ರಶ್ನೆಯಾಗಿದೆ.

ಕ್ರಿಪ್ಸರ ಶಿಕ್ಷಣಕ್ರಮವೇ ಬೋಧಪ್ರದವಾದುದು. 1889ರಲ್ಲಿ ಹುಟ್ಟಿದ ಇವರಿಗೆ ರಸಾಯನಶಾಸ್ತ್ರದ ಅಭ್ಯಾಸಕ್ಕಾಗಿ ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ದೊರೆತಿದ್ದಿತು. ಅದನ್ನು ಬಿಟ್ಟುಕೊಟ್ಟು, ಪ್ರಯೋಗಶಾಲೆ ಉತ್ತಮವಾದುದೆಂಬ ಕಾರಣದಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹೋಗಿ, ಸರ್ ವಿಲಿಯಂ ರಾಮ್ಸೆ ಎಂಬ ವಿಖ್ಯಾತ ರಸಾಯನಜ್ಞರ ಬಳಿ ಕಲಿತರು. ಕ್ಸೆನಾನ್ ಎಂಬ ಅನಿಲದ ಗುಣಗಳನ್ನು ಕುರಿತು ಇತರರೊಡನೆ ಕೂಡಿ ಬರೆದ ಪ್ರಬಂಧವು ರಾಯಲ್ ಸೊಸೈಟಿಯ ಮುಂದೆ ಓದಲ್ಪಟ್ಟಾಗ ಅವರಿಗೆ ಇಪ್ಪತ್ತೆರಡರ ಆಸುಪಾಸಿನ ವಯಸ್ಸು. ಅನಂತರ 1913ರಲ್ಲಿ ಬ್ಯಾರಿಸ್ಟರರಾದರು. ಮೊದಲನೆಯ ಮಹಾಯುದ್ಧದಲ್ಲಿ ಕ್ವೀನ್ಸ್‌ಫೆರಿಯ ಸ್ಫೋಟಕದ್ರವ್ಯಗಳ ಕಾರಖಾನೆಯ ಮೇಲ್ವಿಚಾರಣೆಯಲ್ಲಿ ದುಡಿದರು. 1927ರಲ್ಲಿ ಕಿಂಗ್ಸ್ ಕೌನ್ಸೆಲ್ ಆದರು. 1930ರಲ್ಲಿ ಸಾಲಿಸಿಟರ್ ಜನರಲ್ ಪದವಿಗೇರಿದರು. ಮೊದಲು ಪ್ರಯೋಗಶಾಲೆ, ಬಳಿಕ ಕಾಯಿದೆ, ಅದರ ಮೇಲೆ ಕಾರಖಾನೆಯ ಪ್ರತ್ಯಕ್ಷಾನುಭವ: ಈ ಮೂರೂ ಒಬ್ಬನಲ್ಲಿಯೇ ಕೂಡಿದುದೇ ಅವರ ವಕೀಲಿಯ ಯಶಸ್ಸಿನ ಗುಟ್ಟು.

ಇಂಥ ತಯಾರಿ ಏಕೆ ಬೇಕೆಂಬುದನ್ನು ತಿಳಿಯಲು ಪೇಟೆಂಟ್ ಎಂದರೇನೆಂಬುದನ್ನು ಮೊದಲು ತಿಳಿಯತಕ್ಕದ್ದು. ಹೊಸದೊಂದನ್ನು ಕಂಡುಹಿಡಿದವನಿಗೂ ಸರಕಾರಕ್ಕೂ ನಡೆಯುವ ಒಡಂಬಡಿಕೆಯೇ ಪೇಟೆಂಟು. ಆತನು ತನ್ನ ಗುಟ್ಟನ್ನು ಮರೆಮಾಚದೆ ಬರೆದು ಲೋಕಕ್ಕೆ ತಿಳಿಸಬೇಕು. ಅದಕ್ಕೆ ಪ್ರತಿಯಾಗಿ ಸರಕಾರವು ಆತನಿಗೆ ನಿಯತಕಾಲದವರೆಗೆ, ಈಗಿನ ಭಾರತೀಯ ಕಾಯಿದೆಯ ಪ್ರಕಾರ 20 ವರ್ಷಗಳವರೆಗೆ, ಏಕಸ್ವಾಮ್ಯವನ್ನು ಕೊಡುತ್ತದೆ. ಅವಧಿ ಮುಗಿದೊಡನೆ ಅದು ಸಾರ್ವಜನಿಕರ ಸೊತ್ತು. ಅರ್ಜಿಯ ಕೊನೆಯಲ್ಲಿ ‘ಕ್ಲೇಮು’ಗಳೆಂಬ ಕೆಲವು ವಾಕ್ಯಗಳಿರುತ್ತವೆ. ಆ ವಾಕ್ಯಗಳೇ ಹಕ್ಕಿನ ಬೇಲಿ. ಬೇಲಿಯೊಳಗೆ ಕಾಲಿಟ್ಟವನು ಅಪರಾಧಿ, ಹೊರಗೆ ನಿಂತವನು ನಿರಪರಾಧಿ. ಆದಕಾರಣ ಒಂದೊಂದು ಪದದ ಅರ್ಥಕ್ಕಾಗಿಯೂ ವರ್ಷಗಟ್ಟಲೆ ವ್ಯಾಜ್ಯ ನಡೆಯುವುದುಂಟು.

ಇಂಥ ಖಟ್ಲೆಯಲ್ಲಿ ವಾದಿಯ ವಕೀಲನಾದವನು ಬೇಲಿ ವಿಶಾಲವಾದುದೆಂದು ತೋರಿಸಬೇಕು. ಆದರೆ ಇದರಲ್ಲಿ ಒಂದು ಇಕ್ಕಟ್ಟುಂಟು. ಬೇಲಿಯನ್ನು ಅತಿಯಾಗಿ ಹಿಗ್ಗಿಸಿದರೆ ಅದು ಮೊದಲೇ ಲೋಕಕ್ಕೆ ಗೊತ್ತಿದ್ದ ವಿಷಯವನ್ನೂ ಒಳಗೊಂಡು, ಪೇಟೆಂಟೇ ಬಿದ್ದುಹೋಗುತ್ತದೆ. ಪ್ರತಿವಾದಿಯ ವಕೀಲನು ಹಳೆಯ ಪತ್ರಿಕೆ, ಗ್ರಂಥ, ನಕ್ಷೆಗಳನ್ನು ಜಾಲಾಡಿ, ಈ ‘ಹೊಸ’ ವಸ್ತುವು ಹೊಸದಲ್ಲವೆಂದು ಸಿದ್ಧಪಡಿಸಲು ಹೆಣಗುತ್ತಾನೆ. ಎದುರು ಪಕ್ಷದ ತಜ್ಞಸಾಕ್ಷಿಯನ್ನು ಪಾಟೀಸವಾಲಿಗೆ ಗುರಿಪಡಿಸಬೇಕಾದರೆ ಆ ತಜ್ಞನಷ್ಟೇ ವಿಷಯವನ್ನು ತಾನೂ ಬಲ್ಲವನಾಗಿರಬೇಕು. ಇವೆಲ್ಲಕ್ಕಿಂತ ಕಷ್ಟವಾದುದೆಂದರೆ, ವಿಜ್ಞಾನವನ್ನು ಅಭ್ಯಸಿಸದ ನ್ಯಾಯಾಧೀಶರಿಗೆ ಯಂತ್ರದ ಮರ್ಮವನ್ನು ತಿಳಿಯಾದ ಮಾತಿನಲ್ಲಿ ಬಿಡಿಸಿ ಹೇಳುವುದು. ಸಾಮಾನ್ಯ ದಿವಾಣಿ ವಕೀಲಿಯ ಅಭ್ಯಾಸ ಇದಕ್ಕೆ ಸಾಲದು; ಬರಿಯ ವಿಜ್ಞಾನಿಯ ಪಾಂಡಿತ್ಯವೂ ಸಾಲದು.

ಈ ವಿದ್ಯೆಯನ್ನು ಕ್ರಿಪ್ಸರು ಶ್ರೀಮಂತ ಕಂಪನಿಗಳ ಪರವಾಗಿ ಬಳಸಿ ಹೇರಳ ಹಣ ಗಳಿಸಿದುದು ನಿಜ. ಆದರೆ ಅವರ ಚರಿತ್ರೆ ಅಷ್ಟಕ್ಕೇ ಮುಗಿಯುವುದಿಲ್ಲ. 1934ರ ಸಪ್ಟೆಂಬರಿನಲ್ಲಿ ವೇಲ್ಸ್ ಪ್ರಾಂತದ ಗ್ರೆಸ್‌ಫರ್ಡ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 266 ಮಂದಿ ಪ್ರಾಣ ಕಳೆದುಕೊಂಡರು. ಆ ದುರಂತದ ಸರಕಾರಿ ವಿಚಾರಣೆಯಲ್ಲಿ ಗಣಿಕಾರ್ಮಿಕರ ಸಂಘದ ಪರವಾಗಿ ನಿಂತವರು ಕ್ರಿಪ್ಸರೇ. ಗಣಿಯೊಳಗೆ ಗಾಳಿ ಹೇಗೆ ಹರಿಯುತ್ತಿದ್ದಿತು, ಅನಿಲ ಎಲ್ಲಿ ತುಂಬಿದ್ದಿತು ಎಂಬ ಪ್ರಶ್ನೆಗಳು ಅಲ್ಲಿ ಮುಖ್ಯವಾಗಿದ್ದುವು. ಪೇಟೆಂಟ್ ಖಟ್ಲೆಗಳಲ್ಲಿ ಮಸೆದ ಬುದ್ಧಿಯೇ ಅಲ್ಲಿ ಸತ್ತವರ ಹೆಂಡಿರುಮಕ್ಕಳ ನೆರವಿಗೆ ಬಂದಿತು. ವಿದ್ಯೆಯೊಂದೇ; ಅದು ಕೂಲಿಗೆ ದೊರೆಯುವುದೂ ಉಂಟು, ಪ್ರಜೆಗಳ ಸೇವೆಗೆ ಒದಗುವುದೂ ಉಂಟು. ಗಣಿಯ ವಿಚಾರಣೆಯಲ್ಲಿ ಪ್ರಜೆಗಳು ಕಣ್ಣಿಗೆ ಕಾಣುವ ಕಕ್ಷಿಗಾರರು. ಪೇಟೆಂಟ್ ಖಟ್ಲೆಯಲ್ಲಾದರೋ ಅವರು ಕಾಣದ ಮೂರನೆಯ ಕಕ್ಷಿ. ತೀರ್ಪಿನ ಭಾರವನ್ನು ಹೊರುವವರು ಮಾತ್ರ ಅವರೇ.

ಭಾರತದಲ್ಲಿ ಈ ಮೂರನೆಯ ಕಕ್ಷಿಯನ್ನು ಬಹುಕಾಲ ಯಾರೂ ಗಣನೆಗೆ ತಂದುಕೊಳ್ಳಲಿಲ್ಲ. ಇಲ್ಲಿ ಪೇಟೆಂಟ್ ಕಾಯಿದೆ ಬಂದುದು 1856ರಲ್ಲಿ, ಕಂಪನಿ ಸರಕಾರದ ಕಾಲದಲ್ಲಿ. ಆ ಕಾಯಿದೆಯ ಮೇರೆಗೆ ಮೊದಲನೆಯ ಅರ್ಜಿಯನ್ನು ಸಲ್ಲಿಸಿದವನು ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಎಂಬ ಎಂಜಿನಿಯರನು. ಆವಿಷ್ಕಾರವು ಪಂಖಾ ಎಳೆಯುವ ಯಂತ್ರ. ಮುಂದೆ 1911ರ ಕಾಯಿದೆ ಬಂದಿತು. ಸ್ವರಾಜ್ಯ ಬಂದ ಮೇಲೆ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಒಪ್ಪಿಸಿದ ವರದಿಯು ಆ ಕಾಯಿದೆಯ ಫಲವನ್ನು ಬಯಲಿಗೆಳೆಯಿತು. ಭಾರತದ ಪೇಟೆಂಟುಗಳಲ್ಲಿ ಶೇಕಡಾ 80ರಿಂದ 90ರಷ್ಟು ವಿದೇಶೀಯರ ಕೈಯಲ್ಲಿದ್ದುವು. ಅವುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವು ಈ ನೆಲದಲ್ಲಿ ಕಾರ್ಯರೂಪಕ್ಕೇ ಬಂದಿರಲಿಲ್ಲ. ತಾವೂ ತಯಾರಿಸದೆ, ಇತರರಿಗೂ ತಯಾರಿಸಗೊಡದೆ, ಬರಿಯ ಆಮದು ಸರಕಿಗೆ ಪೇಟೆಯನ್ನು ಕಾದಿರಿಸುವ ಸಾಧನವಾಗಿ ಪೇಟೆಂಟು ಮಾರ್ಪಟ್ಟಿದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿದ್ದಿತು.

ಆ ವರದಿಯ ತಳಹದಿಯ ಮೇಲೆ ರಚಿತವಾದ 1970ರ ಕಾಯಿದೆಯು 1972ರಲ್ಲಿ ಜಾರಿಗೆ ಬಂದಿತು. ಔಷಧ ಮತ್ತು ಆಹಾರವಸ್ತುಗಳ ವಿಷಯದಲ್ಲಿ ಅದು ತಯಾರಿಕೆಯ ವಿಧಾನಕ್ಕೆ ಮಾತ್ರ ಪೇಟೆಂಟನ್ನು ಇಟ್ಟು, ವಸ್ತುವಿಗೇ ಕೊಡುವುದನ್ನು ತೆಗೆದುಹಾಕಿತು. ಬೇರೆ ವಿಧಾನದಿಂದ ಅದೇ ಔಷಧವನ್ನು ತಯಾರಿಸಲು ಅವಕಾಶವಾದುದರಿಂದ ಸ್ವದೇಶಿ ಔಷಧೋದ್ಯಮ ತಲೆಯೆತ್ತಿತು. ವಿಶ್ವ ವಾಣಿಜ್ಯ ಸಂಸ್ಥೆಯ ಒಪ್ಪಂದಕ್ಕೆ ಕಟ್ಟುಬಿದ್ದು 2005ರಿಂದ ವಸ್ತುಪೇಟೆಂಟು ಮತ್ತೆ ಬಂದಿತು. ಆದರೆ ಅದೇ ತಿದ್ದುಪಡಿಯಲ್ಲಿ ಪಾರ್ಲಿಮೆಂಟು ದೂರದೃಷ್ಟಿಯಿಂದ ಎರಡು ರಕ್ಷಣೆಗಳನ್ನು ಇರಿಸಿತು. ಹಳೆಯ ಔಷಧವನ್ನೇ ಹೊಸ ರೂಪದಲ್ಲಿ ತಂದವರು ಅದರ ಗುಣ ಹೆಚ್ಚಿದೆಯೆಂದು ತೋರಿಸಿದ ಹೊರತು ಪೇಟೆಂಟು ಪಡೆಯಕೂಡದೆಂಬ 3(ಡಿ) ಪ್ರಕರಣ ಒಂದು; ಪೇಟೆಂಟು ಕೊಡುವುದಕ್ಕೆ ಮುಂಚೆಯೇ ಯಾವ ವ್ಯಕ್ತಿಯಾದರೂ ಎದ್ದುನಿಂತು ಆಕ್ಷೇಪಿಸಬಹುದೆಂಬುದು ಇನ್ನೊಂದು.

ಕಾಯಿದೆಯಲ್ಲಿ ಬರೆದ ಮಾತ್ರಕ್ಕೆ ರಕ್ಷಣೆ ದೊರೆತಂತಾಗದು; ಅದನ್ನು ನಡೆಸಿಕೊಡುವ ಜಾಣರು ಬೇಕು. ಇದಕ್ಕೆ ಎರಡು ದೃಷ್ಟಾಂತಗಳನ್ನು ಹೇಳುವೆವು.

ಮೊದಲನೆಯದು ಅರಿಶಿನದ ಪ್ರಕರಣ. ಗಾಯಕ್ಕೆ ಅರಿಶಿನ ಹಚ್ಚುವುದನ್ನು ನಮ್ಮ ಅಜ್ಜಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೇಂದ್ರಕ್ಕೆ ಇದೇ ಉಪಯೋಗಕ್ಕಾಗಿ ಪೇಟೆಂಟು ದೊರೆಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಲಿಯು ಅದನ್ನು ಪ್ರಶ್ನಿಸಿತು. ಅಂದಿನ ಅಮೆರಿಕದ ಕಾಯಿದೆಯಲ್ಲಿ ಪರದೇಶದ ರೂಢಿಗೆ ಬೆಲೆಯಿರಲಿಲ್ಲ. ಅಚ್ಚಾದ ಬರಹವೋ ಪೇಟೆಂಟೋ ಇರಲೇಬೇಕು. ಮಂಡಲಿಯವರು ಸಂಸ್ಕೃತ, ಉರ್ದು, ಹಿಂದಿ ಬರಹಗಳನ್ನೂ ಭಾರತೀಯ ವೈದ್ಯಸಂಘದ ಪತ್ರಿಕೆಯಲ್ಲಿ 1953ರಲ್ಲಿ ಅಚ್ಚಾಗಿದ್ದ ಲೇಖನವನ್ನೂ ಕೂಡಿಸಿ 32 ಆಧಾರಗಳನ್ನು ಒದಗಿಸಿದರು. 1997ರಲ್ಲಿ ಪೇಟೆಂಟು ರದ್ದಾಯಿತು. ಹಿತ್ತಲ ಗಿಡ ಮದ್ದಲ್ಲವೆಂದು ನಾವು ಕಡೆಗಣಿಸಿದರೆ, ಅದನ್ನೇ ಮದ್ದೆಂದು ಬರೆದುಕೊಂಡು ಹಕ್ಕು ಸ್ಥಾಪಿಸುವವರು ಬೇರೆ ಕಡೆ ಇದ್ದಾರೆ. ನಮ್ಮ ಕನ್ನಡದಲ್ಲಿ ಕೀರ್ತಿವರ್ಮನ ‘ಗೋವೈದ್ಯ’ವುಂಟು, ಮಂಗರಾಜನ ‘ಖಗೇಂದ್ರಮಣಿದರ್ಪಣ’ವುಂಟು. ಇವು ಪಂಡಿತರ ಕಪಾಟಿನಲ್ಲಿದ್ದರೆ ಸಾಲದು. ಪರದೇಶದ ಪೇಟೆಂಟ್ ಪರೀಕ್ಷಕನು ಹುಡುಕಿದಾಗ ಆತನಿಗೆ ತಿಳಿಯುವ ಭಾಷೆಯಲ್ಲಿ ದೊರೆಯುವಂತಿರಬೇಕು. ವಕೀಲನ ಬತ್ತಳಿಕೆಗೆ ಬಾಣವನ್ನು ಒದಗಿಸುವವನು ಗ್ರಂಥಸಂಪಾದಕನು.

ಎರಡನೆಯದು ಗ್ಲಿವೆಕ್ ಎಂಬ ಔಷಧದ ಮೊಕದ್ದಮೆ. ರಕ್ತದ ಒಂದು ಬಗೆಯ ಅರ್ಬುದರೋಗಕ್ಕೆ ಇದು ದಿವ್ಯೌಷಧ. ಸ್ವಿಟ್ಜರ್ಲೆಂಡಿನ ನೋವಾರ್ಟಿಸ್ ಕಂಪನಿಯು ಇದರ ಒಂದು ಸ್ಫಟಿಕರೂಪಕ್ಕೆ ಪೇಟೆಂಟು ಬೇಡಿ 1998ರಲ್ಲಿ ಮದರಾಸಿನ ಕಚೇರಿಯಲ್ಲಿ ಅರ್ಜಿ ಸಲ್ಲಿಸಿತು. ಕಂಪನಿಯ ಔಷಧಕ್ಕೆ ತಿಂಗಳಿಗೆ ಸುಮಾರು 1,20,000 ರೂಪಾಯಿ ತಗಲುತ್ತಿದ್ದರೆ, ಸ್ವದೇಶಿ ತಯಾರಿಕೆಯದು ಸುಮಾರು 8,000ದಿಂದ 10,000 ರೂಪಾಯಿಗಳಿಗೆ ದೊರೆಯುತ್ತಿದ್ದಿತು. ಸ್ವದೇಶಿ ಔಷಧ ಕಂಪನಿಗಳು ಆಕ್ಷೇಪಿಸಿದುದು ಸಹಜವೇ. ಅವುಗಳಿಗೂ ವ್ಯಾಪಾರದ ಲಾಭವುಂಟು. ಆದರೆ ಅವುಗಳ ಜೊತೆಗೆ ರೋಗಿಗಳ ನೆರವಿನ ಸಂಘವೊಂದು, ಕ್ಯಾನ್ಸರ್ ಪೇಷೆಂಟ್ಸ್ ಏಡ್ ಅಸೋಸಿಯೇಷನ್ ಎಂಬುದು, ಆಕ್ಷೇಪಿಸಿ ನಿಂತಿತು. ಅದರ ಪರವಾಗಿ ಹಿರಿಯ ವಕೀಲ ಆನಂದ್ ಗ್ರೋವರ್ ಅವರು ಸರ್ವೋಚ್ಚ ನ್ಯಾಯಾಲಯದವರೆಗೂ ವಾದಿಸಿದರು. 2006ರಲ್ಲಿ ಅರ್ಜಿ ತಿರಸ್ಕೃತವಾಯಿತು. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವು ಕಂಪನಿಯ ಅಪೀಲನ್ನು ತಳ್ಳಿಹಾಕಿತು.

ಆ ತೀರ್ಪಿನಲ್ಲಿ ವಕೀಲಿಯ ಸೂಕ್ಷ್ಮ ಎಷ್ಟರದೆಂಬುದನ್ನು ಗಮನಿಸಬೇಕು. ಮೂಲ ಪೇಟೆಂಟು ಈ ಔಷಧವನ್ನು ಬೇಲಿಯೊಳಗೆ ತಂದುಕೊಂಡಿದ್ದರೂ ಬಿಡಿಸಿ ಹೇಳಿರಲಿಲ್ಲ, ಆದುದರಿಂದ ಇದು ಹೊಸದು ಎಂದು ಕಂಪನಿಯ ವಾದ. ಆದರೆ ಅಮೆರಿಕದಲ್ಲಿ ಹಳೆಯ ಪೇಟೆಂಟಿನ ಅವಧಿಯನ್ನು ಹೆಚ್ಚಿಸಿಕೊಳ್ಳಲು ಅದೇ ಕಂಪನಿ ಇದೇ ಔಷಧವನ್ನು ಮುಂದಿಟ್ಟಿದ್ದಿತು. ಬ್ರಿಟನ್ನಿನಲ್ಲಿ ಭಾರತೀಯ ಕಂಪನಿಯೊಂದರ ಮಾರಾಟವನ್ನು ನಿಲ್ಲಿಸಲು ಹಳೆಯ ಪೇಟೆಂಟಿನ ಬಲದಿಂದಲೇ ವಕೀಲರ ಮೂಲಕ ನೋಟೀಸು ಕೊಡಿಸಿದ್ದಿತು. ಈ ಕಾಗದಗಳನ್ನು ಹುಡುಕಿ ನ್ಯಾಯಮೂರ್ತಿಗಳ ಮುಂದಿಟ್ಟುದು ಖಟ್ಲೆಯ ತೂಕವನ್ನು ಬದಲಿಸಿತು. ಔಷಧವು ಶರೀರದಲ್ಲಿ ಶೇಕಡಾ 30ರಷ್ಟು ಹೆಚ್ಚಾಗಿ ಹೀರಲ್ಪಡುವುದೆಂಬ ವಾದಕ್ಕೂ, ರೋಗ ಗುಣಪಡಿಸುವ ಶಕ್ತಿ ಹೆಚ್ಚಿತೆಂಬುದಕ್ಕೆ ಅಷ್ಟೇ ಪುರಾವೆಯಾಗದೆಂದು ನ್ಯಾಯಾಲಯ ಉತ್ತರವಿತ್ತಿತು. ಕಂಪನಿಯು ಅನೇಕ ರೋಗಿಗಳಿಗೆ ಔಷಧವನ್ನು ಉಚಿತವಾಗಿ ಕೊಡುತ್ತಿದ್ದುದೂ ನಿಜವೇ. ಆದರೆ ದಾನ ಬೇರೆ, ಹಕ್ಕು ಬೇರೆ. ಕೊಡುವವನ ಮರ್ಜಿಯ ಮೇಲೆ ಬದುಕುವ ರೋಗಿಯನ್ನು ಸ್ವತಂತ್ರ ದೇಶದ ಪ್ರಜೆಯೆಂದು ಹೇಗೆ ಕರೆಯೋಣ?

ಇಷ್ಟು ಹೇಳಿದುದರಿಂದ ನಾವು ಪೇಟೆಂಟಿನ ವೈರಿಗಳೆಂದು ಯಾರೂ ಭಾವಿಸಬಾರದು. ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೇ ಜಲಾಶಯದ ಸ್ವಯಂಚಾಲಿತ ಬಾಗಿಲುಗಳಿಗೆ ಪೇಟೆಂಟು ಪಡೆದಿದ್ದರು; 1903ರಲ್ಲಿ ಪುಣೆಯ ಬಳಿಯ ಖಡಕವಾಸಲಾ ಜಲಾಶಯದಲ್ಲಿ ಆ ಬಾಗಿಲುಗಳನ್ನು ಅಳವಡಿಸಲಾಯಿತು. ದುಡಿದು ಕಂಡುಹಿಡಿದವನಿಗೆ ಫಲ ಸಲ್ಲಲೇಬೇಕು. ಹುಬ್ಬಳ್ಳಿಯ ಕಾರಖಾನೆಯ ಒಬ್ಬ ಮಿಸ್ತ್ರಿಯೋ, ಬೆಂಗಳೂರಿನ ಒಬ್ಬ ತರುಣ ವಿಜ್ಞಾನಿಯೋ ಕಂಡುಹಿಡಿದುದನ್ನು ದೊಡ್ಡ ಕಂಪನಿ ನಕಲು ಮಾಡಿದರೆ, ಆತನಿಗೆ ಪೇಟೆಂಟೊಂದೇ ಕತ್ತಿ. ಆ ಕತ್ತಿಯನ್ನು ಬೀಸಬಲ್ಲ ವಕೀಲನ ಫೀಜನ್ನು ಆತನು ಎಲ್ಲಿಂದ ತರಬೇಕು? ಕೇಂದ್ರ ಸರಕಾರದವರು 2016ರಲ್ಲಿ ನವೋದ್ಯಮಗಳಿಗಾಗಿ ಒಂದು ಯೋಜನೆಯನ್ನು ತಂದು, ಅರ್ಜಿ ಬರೆದುಕೊಡುವವರ ಫೀಜನ್ನು ತಾವೇ ಭರಿಸಿದುದು ಪ್ರಶಂಸನೀಯ. ಆದರೆ ಆ ನೆರವು ಅರ್ಜಿಯ ಹಂತದ್ದು. ಖರೆಯ ಹೋರಾಟ ಆರಂಭವಾಗುವುದು ನ್ಯಾಯಾಲಯದ ಮೆಟ್ಟಿಲಿನಲ್ಲಿ.

ಈಗಿನ ಸ್ಥಿತಿಯಲ್ಲಿ ತಿದ್ದತಕ್ಕ ಲೋಪಗಳು ಅನೇಕವಿವೆ. ಅವುಗಳಲ್ಲಿ ಮುಖ್ಯವಾದ ಮೂರನ್ನು ಮಾತ್ರ ಇಲ್ಲಿ ಸೂಚಿಸುವೆವು.

ಮೊದಲನೆಯದು ಭಾಷೆಯ ತೊಡಕು. ಪೇಟೆಂಟಿನ ಕಾಗದಪತ್ರಗಳು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರತಕ್ಕದ್ದೆಂದು 2003ರ ನಿಯಮಗಳು ವಿಧಿಸುತ್ತವೆ. ಕನ್ನಡದಲ್ಲಿಯೇ ಯೋಚಿಸಿ, ಕನ್ನಡದಲ್ಲಿಯೇ ಯಂತ್ರ ಕಟ್ಟಿದವನು ತನ್ನ ಬೇಲಿಯ ಮಾತುಗಳನ್ನು ಪರರಿಂದ ಬರೆಯಿಸಿಕೊಂಡು, ತನಗೆ ಅರ್ಥವಾಗದ ಕಾಗದಕ್ಕೆ ರುಜು ಹಾಕಬೇಕು. ಒಂದು ಪದದಿಂದ ಹಕ್ಕು ಉಳಿಯುವ ಅಥವಾ ಅಳಿಯುವ ವ್ಯವಹಾರದಲ್ಲಿ ಇದು ಸಣ್ಣ ಅನ್ಯಾಯವೆ? ಮೊದಲ ವಿವರಣೆಯನ್ನು ಕನ್ನಡದಲ್ಲಿ ಸ್ವೀಕರಿಸಿ, ಭಾಷಾಂತರಕ್ಕೆ ಅವಧಿಯನ್ನೂ ನೆರವನ್ನೂ ಕೊಡಲು ಅಡ್ಡಿಯೇನು?

ಎರಡನೆಯದು ಆಕ್ಷೇಪಣೆಯ ಹಕ್ಕಿಗೆ ಹಾಕಿದ ಕಡಿವಾಣ. ಪೇಟೆಂಟು ಕೊಡುವ ಮುಂಚೆ ಆಕ್ಷೇಪಿಸುವುದಕ್ಕೆ ಹಿಂದೆ ಶುಲ್ಕವಿರಲಿಲ್ಲ. 2024ರ ತಿದ್ದುಪಡಿ ನಿಯಮಗಳಿಂದ ಶುಲ್ಕ ಬಂದಿದೆ. ಆಕ್ಷೇಪಣೆ ವಿಚಾರಣೆಗೆ ಅರ್ಹವೇ ಎಂಬುದನ್ನು ಕಂಟ್ರೋಲರರು ಮೊದಲೇ ನಿರ್ಣಯಿಸುವ ಏರ್ಪಾಟೂ ಆಗಿದೆ. ಕಾಲಹರಣಕ್ಕಾಗಿಯೇ ಸುಳ್ಳು ಆಕ್ಷೇಪಣೆಗಳನ್ನು ಹೂಡುವವರಿದ್ದಾರೆಂಬುದು ಸರಕಾರದವರ ಸಮರ್ಥನೆ. ಅದರಲ್ಲಿ ಸತ್ಯಾಂಶವಿರಬಹುದು. ಆದರೆ ಗ್ಲಿವೆಕ್ ಖಟ್ಲೆಯಲ್ಲಿ ರೋಗಿಗಳ ಸಂಘವು ಒಳಹೊಕ್ಕುದು ಇದೇ ಬಾಗಿಲಿನಿಂದ. ಕಳ್ಳನನ್ನು ತಡೆಯುವ ನೆವದಲ್ಲಿ ಮನೆಯವರಿಗೇ ಬಾಗಿಲನ್ನು ಇಕ್ಕಟ್ಟು ಮಾಡುವುದು ವಿವೇಕವಲ್ಲ. ರೋಗಿಗಳ ಮತ್ತು ರೈತರ ಸಂಘಗಳಿಗಾದರೂ ಈ ಶುಲ್ಕವನ್ನು ಮನ್ನಾ ಮಾಡತಕ್ಕದ್ದು.

ಮೂರನೆಯದೂ ಮುಖ್ಯವಾದುದೂ ತಕ್ಕ ವಕೀಲರ ತಯಾರಿ. ನಮ್ಮಲ್ಲಿ ಈ ವೃತ್ತಿ ಎರಡಾಗಿ ಒಡೆದಿದೆ. ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿಯಿದ್ದು, ಪೇಟೆಂಟ್ ಕಚೇರಿಯ ಪರೀಕ್ಷೆಯಲ್ಲಿ ಉತ್ತೀರ್ಣನಾದವನು ಪೇಟೆಂಟ್ ಏಜೆಂಟನಾಗಿ ಅರ್ಜಿ ನಡೆಸಬಲ್ಲನು. ನ್ಯಾಯಾಲಯದಲ್ಲಿ ವಾದಿಸುವ ಅಧಿಕಾರ ವಕೀಲನದು. ಎರಡನ್ನೂ ಬಲ್ಲವರು ವಿರಳ, ಇದ್ದವರ ಫೀಜು ದೊಡ್ಡ ಕಂಪನಿಗಳಿಗೆ ಮಾತ್ರ ಎಟಕುವಂಥದು. 2021ರಲ್ಲಿ ಬೌದ್ಧಿಕ ಸ್ವತ್ತಿನ ಅಪೀಲು ಮಂಡಲಿಯನ್ನು ರದ್ದುಗೊಳಿಸಿದ ಮೇಲೆ ಅದರ ಕೆಲಸ ಉಚ್ಚ ನ್ಯಾಯಾಲಯಗಳ ಪಾಲಿಗೆ ಬಂದಿದೆ. ದಿಲ್ಲಿಯ ಉಚ್ಚ ನ್ಯಾಯಾಲಯವು ಅದೇ ವರ್ಷ ಇದಕ್ಕಾಗಿ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಹೀಗೆ ನ್ಯಾಯಾಲಯಗಳ ಹೊಣೆ ಬೆಳೆದಷ್ಟೂ ತಿಳಿದು ವಾದಿಸುವವರ ಅವಶ್ಯಕತೆಯೂ ಬೆಳೆಯುತ್ತದೆ.

ಈ ಮೂರನೆಯ ಕೊರತೆಯನ್ನು ನೀಗಿಸಲು ಕರ್ನಾಟಕದಲ್ಲಿ ಸಾಮಗ್ರಿ ಇಲ್ಲವೆನ್ನುವಂತಿಲ್ಲ. ಬೆಂಗಳೂರಿನಲ್ಲಿ ಟಾಟಾ ವಿಜ್ಞಾನ ಮಂದಿರವೆಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಅದೇ ಊರಿನಲ್ಲಿ ರಾಷ್ಟ್ರೀಯ ಕಾನೂನು ವಿದ್ಯಾಲಯವಿದೆ. ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಇಷ್ಟಿದ್ದೂ ಕರ್ನಾಟಕದ ಅರ್ಜಿಗಳೆಲ್ಲ ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರಿವೆ. ರಾಜ್ಯ ಸರಕಾರದವರು ಮನಸ್ಸು ಮಾಡಿದರೆ ವಿಜ್ಞಾನ ಪದವೀಧರರಿಗೆ ಕಾಯಿದೆಯನ್ನು ಕಲಿಯಲು ವಿದ್ಯಾರ್ಥಿವೇತನ ಕೊಡಬಹುದು. ಬಡ ಆವಿಷ್ಕಾರಕರ ಪರವಾಗಿಯೂ ಪ್ರಜೆಗಳ ಪರವಾಗಿಯೂ ವಾದಿಸಲು ಸರಕಾರದ ವೆಚ್ಚದಲ್ಲಿ ಪೇಟೆಂಟ್ ವಕೀಲರ ಒಂದು ಮಂಡಲಿಯನ್ನು ನೇಮಿಸಬಹುದು. ವಿದ್ಯಾರ್ಥಿವೇತನ ಪಡೆದವನು ಕೆಲವು ವರ್ಷ ಈ ಮಂಡಲಿಯಲ್ಲಿ ದುಡಿಯಬೇಕೆಂದು ಕರಾರು ಮಾಡಿಕೊಂಡರೆ ವೆಚ್ಚವೂ ಮಿತವಾದೀತು. ಉಚ್ಚ ನ್ಯಾಯಾಲಯದವರು ಕಾಯಿದೆಯ 115ನೆಯ ಪ್ರಕರಣವು ಅನುಮತಿಸುವ ವೈಜ್ಞಾನಿಕ ಸಲಹೆಗಾರರನ್ನು ಮನಸಾರೆ ಬಳಸಿಕೊಳ್ಳಬಹುದು.

ಒಂದು ದೇಶದ ಸ್ವಾತಂತ್ರ್ಯವನ್ನು ಸಿಪಾಯಿಯು ಗಡಿಯಲ್ಲಿ ಕಾಯುತ್ತಾನೆಂಬುದು ಎಲ್ಲರೂ ಬಲ್ಲ ಮಾತು. ಔಷಧದ ಬೆಲೆಯನ್ನೂ ದುಡಿಯುವವನ ಬುದ್ಧಿಯ ಫಲವನ್ನೂ ಕಾಯುವ ಗಡಿಯೊಂದು ಕಾಗದದ ಮೇಲಿನ ನಾಲ್ಕು ವಾಕ್ಯಗಳಲ್ಲಿದೆಯೆಂಬುದನ್ನು ನಾವು ಇನ್ನೂ ಮನಗಂಡಂತಿಲ್ಲ. ಆ ಗಡಿಯಲ್ಲಿ ಎದುರು ಪಕ್ಷದವರು ತಮ್ಮ ಅತಿ ಸಮರ್ಥರನ್ನೇ ನಿಲ್ಲಿಸುತ್ತಾರೆ. ನಮ್ಮ ಪಕ್ಷದ ಕುರ್ಚಿ ಬರಿದಾಗಿದ್ದರೆ ನ್ಯಾಯಾಧೀಶರು ಮಾಡುವುದಾದರೂ ಏನು? ರಸಾಯನಶಾಲೆಯಿಂದ ಹೊರಟ ಕನ್ನಡದ ತರುಣ ತರುಣಿಯರು ಒಂದಷ್ಟು ಮಂದಿಯಾದರೂ ಕಾಯಿದೆಯ ಪುಸ್ತಕವನ್ನು ಕೈಗೆತ್ತಿಕೊಳ್ಳಲಿ. ಸರಕಾರದವರು ಅವರಿಗೆ ದಾರಿ ಮಾಡಿಕೊಡಲಿ. ಇದು ವಿಳಂಬವನ್ನು ಸಹಿಸತಕ್ಕ ಕಾರ್ಯವಲ್ಲವೆಂದು ನಮ್ಮ ದೃಢವಾದ ಅಭಿಪ್ರಾಯ.